ಅಮೆರಿಕದಲ್ಲಿ ಬಂದೂಕು ಸಮೇತ ರಾಜ್ಯ ಬದಲಿಸುವವರಿಗೆ: ಗಡಿ ದಾಟುವ ಮುನ್ನ ನೋಡಬೇಕಾದದ್ದು

2026ರ ಜನವರಿ 1ರಿಂದ ಅಮೆರಿಕದಲ್ಲಿ ಸಪ್ರೆಸರ್, ಅಂದರೆ ನಾವು ಸೈಲೆನ್ಸರ್ ಎನ್ನುವ ವಸ್ತು, ಕೊಳ್ಳುವಾಗ ಕಟ್ಟಬೇಕಿದ್ದ 200 ಡಾಲರ್ ಫೆಡರಲ್ ತೆರಿಗೆ ಸೊನ್ನೆಯಾಗಿದೆ. ಗಿಡ್ಡ ನಳಿಕೆಯ ರೈಫಲ್ ಮತ್ತು ಶಾಟ್‌ಗನ್‌ಗಳಿಗೂ ಅದೇ ರಿಯಾಯಿತಿ. ತೆರಿಗೆ ಹೋಯಿತು ಎಂದರೆ ನಿರ್ಬಂಧವೂ ಹೋಯಿತು ಎಂದುಕೊಂಡವರಿದ್ದಾರೆ. ಹೋಗಿಲ್ಲ. ಅರ್ಜಿ, ಬೆರಳಚ್ಚು, ನೋಂದಣಿ ಎಲ್ಲ ಮೊದಲಿನಂತೆಯೇ ಇವೆ. ರಾಜ್ಯಗಳ ನಿಷೇಧದ ಒಂದಕ್ಷರವೂ ಇದರಿಂದ ಬದಲಾಗಿಲ್ಲ. ಟೆಕ್ಸಾಸ್‌ನ ಡಾಲಸ್‌ನಲ್ಲಿ ರಸೀತಿ ಸಮೇತ ಕೊಂಡ ಸಪ್ರೆಸರ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಅಪಾರ್ಟ್‌ಮೆಂಟಿನಲ್ಲಿ ಸಿಕ್ಕರೆ ಅದು ಫೆಲನಿ, ಅಂದರೆ ಜೈಲಿಗೆ ಕಳಿಸಬಲ್ಲ ಗಂಭೀರ ಅಪರಾಧ. ಕೊಂಡವರ ಕೈಯಲ್ಲಿ ಫೆಡರಲ್ ಅನುಮತಿ ಪತ್ರ ಇದ್ದರೂ ಅಷ್ಟೇ.

ಕೆಲಸ ಬದಲಾಗಿ ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾಕ್ಕೋ, ನಾರ್ತ್ ಕ್ಯಾರೊಲಿನಾದಿಂದ ನ್ಯೂಜೆರ್ಸಿಗೋ ಮನೆ ಸಾಗಿಸುವ ಕನ್ನಡದ ಕುಟುಂಬಗಳು ಕಡಿಮೆಯಿಲ್ಲ. ಅವುಗಳಲ್ಲಿ ಕೆಲವರ ಮನೆಯಲ್ಲಿ ಒಂದು ಪಿಸ್ತೂಲೋ ಬೇಟೆಯ ರೈಫಲ್ಲೋ ಇರುತ್ತದೆ. ಈ ಬರಹ ಅವರಿಗಾಗಿ. ನಿಮ್ಮ ಪ್ರಕರಣಕ್ಕೆ ಕೊನೆಯ ಮಾತು ಆ ರಾಜ್ಯದ ವಕೀಲರದೇ. ಆದರೆ ಅವರ ಬಳಿ ಹೋಗುವ ಮುನ್ನ ಕೈಯಲ್ಲಿ ಏನಿರಬೇಕು, ಏನು ಕೇಳಬೇಕು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ನೋಡಬೇಕಾದದ್ದು ವೀಸಾ

ರಾಜ್ಯದ ಕಾನೂನಿಗಿಂತ ಮೊದಲು ನಿಮ್ಮ ವಲಸೆ ಸ್ಥಿತಿ ನೋಡಿಕೊಳ್ಳಿ. ವಲಸೆಯೇತರ ವೀಸಾದ ಮೇಲೆ ಒಳಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಎಲ್ಲವೂ ಇದರಲ್ಲಿ ಬರುತ್ತವೆ. ಐ-140, ಅಂದರೆ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿ ಗ್ರೀನ್ ಕಾರ್ಡ್‌ನ ಸರತಿಯಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ಎಚ್-1ಬಿಯವರೂ ಇದೇ ಸಾಲಿನವರು. 2022ರ ತಿದ್ದುಪಡಿಯ ನಂತರ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ. ಗ್ರೀನ್ ಕಾರ್ಡ್ ಕೈಗೆ ಬಂದವರಿಗೆ ಈ ನಿಷೇಧವಿಲ್ಲ.

ನಿಷೇಧಕ್ಕೆ ಕೆಲವು ವಿನಾಯಿತಿಗಳಿವೆ. ನಮ್ಮವರಿಗೆ ಉಪಯೋಗಕ್ಕೆ ಬರುವುದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್. ನೀವು ಬೇಟೆಗೆ ಹೋಗಲೇಬೇಕೆಂದಿಲ್ಲ, ಆದರೆ ಲೈಸೆನ್ಸ್ ಜೀವಂತವಾಗಿರಬೇಕು. ಎಡವುವುದು ಇಲ್ಲಿಯೇ. ಅಂಗಡಿಯಲ್ಲಿ ಬಂದೂಕು ಕೊಳ್ಳುವ ದಿನ ಲೈಸೆನ್ಸ್ ತೋರಿಸಿ, ಆಮೇಲೆ ಅದನ್ನು ಮರೆತುಬಿಡುತ್ತಾರೆ. ಟೆಕ್ಸಾಸ್‌ನ ಬೇಟೆಯ ಲೈಸೆನ್ಸ್ ಯಾವ ತಿಂಗಳಲ್ಲಿ ಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1ರ ಬೆಳಿಗ್ಗೆ ಹೊಸದು ಇಲ್ಲದಿದ್ದರೆ ಕಪಾಟಿನಲ್ಲಿರುವ ಪಿಸ್ತೂಲಿಗೆ ವಿನಾಯಿತಿಯ ರಕ್ಷಣೆ ಇರುವುದಿಲ್ಲ. ಫೋನಿನಲ್ಲಿ ಆಗಸ್ಟ್ ಮಧ್ಯಕ್ಕೆ ಒಂದು ಜ್ಞಾಪನೆ ಹಾಕಿಡಿ. ಮುದ್ರಿಸಿದ ಪ್ರತಿಯನ್ನು ಬಂದೂಕಿನ ಪೆಟ್ಟಿಗೆಯಲ್ಲಿ ಇಡಿ, ಇನ್ನೊಂದನ್ನು ಪಾಸ್‌ಪೋರ್ಟ್ ಮತ್ತು ಐ-94 (ದೇಶ ಪ್ರವೇಶದ ದಾಖಲೆ) ಜೊತೆ ಇಡಿ.

ಮನೆಯೊಳಗಿನ ಹಂಚಿಕೆಯನ್ನೂ ಯೋಚಿಸಬೇಕು. ಗಂಡನಿಗೆ ಗ್ರೀನ್ ಕಾರ್ಡ್ ಇದೆ, ಹೆಂಡತಿ ಇನ್ನೂ ಎಚ್-4ರಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ತಿಜೋರಿಯ ಅಂಕಿ ಇಬ್ಬರಿಗೂ ಗೊತ್ತಿದ್ದರೆ, ಬಂದೂಕು ಹೆಂಡತಿಯ ಹಿಡಿತದಲ್ಲೂ ಇದೆ ಎಂದು ಸರ್ಕಾರಿ ವಕೀಲರು ವಾದಿಸಬಹುದು. ಅದಕ್ಕೆ ಕೈಯಲ್ಲಿ ಹಿಡಿದಿರಬೇಕಾಗಿಲ್ಲ, ಬೇಕೆಂದಾಗ ತೆಗೆಯುವ ಶಕ್ತಿಯಿದ್ದರೆ ಸಾಕು. ಒಂದೋ ಅವರೂ ಬೇಟೆಯ ಲೈಸೆನ್ಸ್ ಮಾಡಿಸಿಕೊಳ್ಳಲಿ, ಇಲ್ಲವೇ ತಿಜೋರಿಯ ಅಂಕಿ ಒಬ್ಬರ ಬಳಿಯೇ ಇರಲಿ.

ಊರಿನಿಂದ ಬಂದ ಅಪ್ಪ, ಅಮ್ಮ, ಮಾವನವರನ್ನು ಶೂಟಿಂಗ್ ರೇಂಜ್‌ಗೆ ಕರೆದೊಯ್ದು ಒಂದು ಫೋಟೊ ತೆಗೆಸುವುದು ತೀರಾ ಸಾಮಾನ್ಯ. ಅವರು ಬಿ-2 ವೀಸಾದಲ್ಲಿ ಬಂದವರು. ಬಾಡಿಗೆ ಪಿಸ್ತೂಲನ್ನು ಹತ್ತು ನಿಮಿಷ ಹಿಡಿದರೂ ಫೆಡರಲ್ ಕಾನೂನಿನ ಲೆಕ್ಕದಲ್ಲಿ ಅದು ವಶದಲ್ಲಿಟ್ಟುಕೊಂಡಂತೆ. ಹೊರರಾಜ್ಯದವರಿಗೆಂದು ಮಾರುವ ಬೇಟೆಯ ಲೈಸೆನ್ಸ್ ಮೊದಲೇ ಕೊಂಡಿದ್ದರೆ ಸರಿ. ಇಲ್ಲದಿದ್ದರೆ ಹಿರಿಯರನ್ನು ಗಾಜಿನ ಈಚೆಯೇ ಕೂರಿಸಿ.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. ಅಮೆರಿಕದ ಪ್ರಜೆಗೆ ದಂಡದಲ್ಲೋ ಕೆಲವು ತಿಂಗಳ ನಿಗಾದಲ್ಲೋ ಮುಗಿಯುವ ಪ್ರಕರಣ, ಪ್ರಜೆಯಲ್ಲದವರಿಗೆ ಗಡೀಪಾರಿನ ಪ್ರಕರಣವಾಗಬಹುದು. ಬಂದೂಕನ್ನು ಕಾನೂನುಬಾಹಿರವಾಗಿ ಕೊಂಡ, ಮಾರಿದ, ಇಟ್ಟುಕೊಂಡ ಅಥವಾ ಒಯ್ದ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಹೊರಹಾಕಲು ವಲಸೆ ಕಾಯ್ದೆಯಲ್ಲಿ ಪ್ರತ್ಯೇಕ ಕಲಮೇ ಇದೆ. ಸಪ್ರೆಸರ್ ಬರೀ ಬಿಡಿಭಾಗದಂತೆ ಕಂಡರೂ ಫೆಡರಲ್ ವ್ಯಾಖ್ಯೆಯಲ್ಲಿ ಅದೂ ಬಂದೂಕೇ. ಆದ್ದರಿಂದ ಸಣ್ಣ ಪ್ರಕರಣದಲ್ಲಿ ‘ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸೋಣ’ ಎಂದು ಯಾರಾದರೂ ಸಲಹೆ ಕೊಟ್ಟರೆ, ವಲಸೆ ವಕೀಲರನ್ನು ಕೇಳದೆ ಒಪ್ಪಬೇಡಿ.

ಕೊಡಗಿನ ಕಡೆಯಿಂದ ಬಂದವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿ ಕೋವಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2029ರ ಅಕ್ಟೋಬರ್‌ವರೆಗೆ ಅದು ಮುಂದುವರಿದಿದೆ. ಕೋವಿಯನ್ನು ಮನೆದೇವರ ಪಕ್ಕದಲ್ಲಿಟ್ಟು ಪೂಜಿಸಿ ಬೆಳೆದವರಿಗೆ ಅಮೆರಿಕದ ನಿಯಮಗಳು ಒರಟಾಗಿ ಕಾಣಬಹುದು. ಆದರೆ ಆ ವಿನಾಯಿತಿ ಪತ್ರಕ್ಕೆ ಇಲ್ಲಿ ಯಾವ ಬೆಲೆಯೂ ಇಲ್ಲ. ಇಲ್ಲಿನ ಲೆಕ್ಕ ಇಲ್ಲಿಂದಲೇ ಶುರು.

ಮನೆಯಲ್ಲಿರುವುದನ್ನೆಲ್ಲ ಪಟ್ಟಿ ಮಾಡಿ, ಅಳೆಯಿರಿ

ಪ್ಯಾಕಿಂಗ್‌ಗೆ ಕನಿಷ್ಠ ಎರಡು ತಿಂಗಳು ಮೊದಲು ಒಂದು ಕಾಗದದಲ್ಲಿ ಎಲ್ಲವನ್ನೂ ಬರೆಯಿರಿ. ಪ್ರತಿ ಬಂದೂಕಿನ ತಯಾರಕರ ಹೆಸರು, ಮಾದರಿ, ಕ್ಯಾಲಿಬರ್, ಸೀರಿಯಲ್ ಸಂಖ್ಯೆ, ಕೊಂಡ ತಾರೀಖು ಮತ್ತು ರಾಜ್ಯ, ರಸೀತಿ ಇದೆಯೋ ಇಲ್ಲವೋ. ಆಮೇಲೆ ಬಿಡಿಭಾಗಗಳು: ಮ್ಯಾಗಜೀನ್‌ಗಳು, ಅಂದರೆ ಗುಂಡು ತುಂಬಿ ಬಂದೂಕಿಗೆ ಸಿಕ್ಕಿಸುವ ಡಬ್ಬಿಗಳು, ಒಂದೊಂದರ ಸಾಮರ್ಥ್ಯ, ನಳಿಕೆಯ ತುದಿಗೆ ಹಾಕುವ ಸಾಧನಗಳು, ಮಡಚುವ ಬಟ್ (ಭುಜಕ್ಕೆ ಆನಿಸುವ ಭಾಗ), ನಳಿಕೆಯ ಕೆಳಗಿನ ಮುಂಬದಿ ಹಿಡಿ, ಗುಂಡುಗಳ ಬಗೆ. ಬಂದೂಕನ್ನು ಮಾತ್ರ ನೋಡಿ ಬಿಡಿಭಾಗಗಳನ್ನು ಬಿಟ್ಟವರೇ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ.

ರೈಫಲ್ ಇದ್ದರೆ ಎರಡು ಅಳತೆ ಬೇಕು. ಬಂದೂಕು ಖಾಲಿಯಿದೆ ಎಂದು ಎರಡು ಸಲ ನೋಡಿ, ಮ್ಯಾಗಜೀನ್ ತೆಗೆದು, ಬೋಲ್ಟ್, ಅಂದರೆ ನಳಿಕೆಯ ಹಿಂಬದಿಯನ್ನು ಮುಚ್ಚುವ ಭಾಗ, ಮುಚ್ಚಿ. ನಳಿಕೆಯ ಬಾಯಿಯಿಂದ ಒಂದು ಮರದ ಕಡ್ಡಿಯನ್ನು ಬೋಲ್ಟಿನ ಮುಖಕ್ಕೆ ತಾಗುವವರೆಗೆ ಇಳಿಬಿಟ್ಟು, ಬಾಯಿಯ ಅಂಚಿಗೆ ಸರಿಯಾಗಿ ಗುರುತು ಹಾಕಿ, ಹೊರತೆಗೆದು ಅಳೆಯಿರಿ. ಅದು ನಳಿಕೆಯ ಉದ್ದ. ತುದಿಯ ಸಾಧನವನ್ನು ಬೆಸುಗೆ ಹಾಕಿ ಶಾಶ್ವತವಾಗಿ ಕೂರಿಸಿದ್ದರೆ ಮಾತ್ರ ಅದನ್ನು ಉದ್ದಕ್ಕೆ ಸೇರಿಸಬಹುದು. ತಿರುಗಿಸಿ ತೆಗೆಯುವಂಥದ್ದಾದರೆ ಅದನ್ನು ತೆಗೆದೇ ಅಳೆಯಬೇಕು. ಫೆಡರಲ್ ಲೆಕ್ಕದಲ್ಲಿ ರೈಫಲ್‌ನ ನಳಿಕೆ 16 ಇಂಚಿಗಿಂತ, ಶಾಟ್‌ಗನ್‌ನದು 18 ಇಂಚಿಗಿಂತ ಕಡಿಮೆಯಿದ್ದರೆ, ಅಥವಾ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆಯಿದ್ದರೆ ಅದು 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಡಿ, ಎಲ್ಲರೂ ಎನ್‌ಎಫ್‌ಎ ಎನ್ನುವ ಕಾಯ್ದೆಯಡಿ, ನೋಂದಾಯಿಸಲೇಬೇಕಾದ ವಸ್ತು.

ಒಟ್ಟು ಉದ್ದದ ವಿಷಯದಲ್ಲಿ ರಾಜ್ಯಗಳು ಬೇರೆ ದಾರಿ ಹಿಡಿದಿವೆ. ಬಂದೂಕುಗಳ ಉಸ್ತುವಾರಿ ನೋಡುವ ಫೆಡರಲ್ ಇಲಾಖೆ ಎಟಿಎಫ್ ಮಡಚುವ ಬಟ್ಟನ್ನು ಬಿಡಿಸಿ ಅಳೆಯುತ್ತದೆ. ಕ್ಯಾಲಿಫೋರ್ನಿಯಾ ಮಡಚಿಟ್ಟು ಅಳೆಯುತ್ತದೆ, ಅರೆಸ್ವಯಂಚಾಲಿತ (ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ), ಸೆಂಟರ್‌ಫೈರ್ (ಗುಂಡಿನ ತಳದ ನಡುವೆ ಬಡಿದು ಹಾರಿಸುವ) ರೈಫಲ್‌ಗೆ ಅಲ್ಲಿನ ಕನಿಷ್ಠ ಗಡಿ 30 ಇಂಚು. ಬಿಡಿಸಿದಾಗ 34 ಇಂಚಿದ್ದು ಮಡಚಿದಾಗ 27 ಇಂಚಾಗುವ ಇಂಥ ರೈಫಲ್ ಟೆಕ್ಸಾಸ್‌ನಲ್ಲಿ ಸಾಮಾನ್ಯ ಬಂದೂಕು, ಕ್ಯಾಲಿಫೋರ್ನಿಯಾದಲ್ಲಿ ನಿಷೇಧಿತ ‘ಅಸಾಲ್ಟ್ ವೆಪನ್’. ಎರಡೂ ಸ್ಥಿತಿಯ ಅಳತೆಯನ್ನು ಬರೆದಿಡಿ.

ಆನ್‌ಲೈನ್‌ನಲ್ಲಿ ‘ಕ್ಲೀನಿಂಗ್ ಕಿಟ್’, ‘ಸಾಲ್ವೆಂಟ್ ಟ್ರ್ಯಾಪ್’ ಎಂಬ ಹೆಸರಿನಲ್ಲಿ ಅಗ್ಗಕ್ಕೆ ತರಿಸಿದ ಲೋಹದ ಕೊಳವೆ ಏನಾದರೂ ಮನೆಯಲ್ಲಿದೆಯೇ ನೋಡಿ. ಇಂಥ ಹಲವನ್ನು ಎಟಿಎಫ್ ನೋಂದಣಿಯಿಲ್ಲದ ಸಪ್ರೆಸರ್ ಎಂದೇ ಪರಿಗಣಿಸುತ್ತದೆ. ಇದ್ದರೆ ಅದನ್ನು ಸಾಗಿಸಲೂ ಬೇಡಿ, ಮಾರಲೂ ಬೇಡಿ. ಮೊದಲು ವಕೀಲರಿಗೆ ಫೋನ್ ಮಾಡಿ.

ಹೋಗುವ ರಾಜ್ಯದ ಕಾನೂನನ್ನು ಓದುವ ಬಗೆ

ಆ ರಾಜ್ಯದ ಅಟಾರ್ನಿ ಜನರಲ್ ಅಥವಾ ಸ್ಟೇಟ್ ಪೊಲೀಸ್‌ನ ಅಧಿಕೃತ ತಾಣದಿಂದ ಶುರುಮಾಡಿ. ರಾಜ್ಯಗಳ ಬಂದೂಕು ಕಾನೂನುಗಳನ್ನು ಒಟ್ಟುಗೂಡಿಸಿ ಎಟಿಎಫ್ ಪ್ರಕಟಿಸುವ ಸಂಗ್ರಹವೂ ಇದೆ. ಆದರೆ ಅದರ ಆವೃತ್ತಿಯ ವರ್ಷ ನೋಡದೆ ನಂಬಬಾರದು. ಅಂಗಡಿಯವರ ಮಾತು, ಗೆಳೆಯರ ಅನುಭವ ಇವೆಲ್ಲ ಹುಡುಕಾಟಕ್ಕೆ ಸುಳಿವು ಕೊಡಬಹುದು, ನ್ಯಾಯಾಲಯದಲ್ಲಿ ಆಧಾರವಾಗುವುದಿಲ್ಲ.

ಓದುವಾಗ ಮೊದಲು ವ್ಯಾಖ್ಯೆಗಳ ಭಾಗಕ್ಕೆ ಹೋಗಿ. ‘ಬಂದೂಕು’ ಎಂದರೇನು ಎಂಬುದೇ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿಯಲ್ಲಿ ಗಾಳಿಯೊತ್ತಡದಿಂದ ಸಣ್ಣ ಚೆಂಡು ಹಾರಿಸುವ ಬಿಬಿ ಗನ್ ಕೂಡ ಬಂದೂಕೇ, ಬಂದೂಕು ಕೊಳ್ಳಲು ಬೇಕಾದ ಗುರುತಿನ ಚೀಟಿ ಅದಕ್ಕೂ ಬೇಕು. ಟೆಕ್ಸಾಸ್‌ನ ದೊಡ್ಡ ಅಂಗಡಿಯಲ್ಲಿ ಮಗನಿಗೆಂದು ಕೊಂಡ ಬಿಬಿ ಗನ್ ಆಟದ ಸಾಮಾನಿನ ಪೆಟ್ಟಿಗೆಯಲ್ಲಿ ಹೊರಟರೆ ನ್ಯೂಜೆರ್ಸಿಯ ಎಡಿಸನ್ ತಲುಪುವ ಹೊತ್ತಿಗೆ ಕಾನೂನಿನ ಸಮಸ್ಯೆಯಾಗಿರುತ್ತದೆ.

ಆಮೇಲೆ ಕಾನೂನು ಯಾವುದನ್ನು ತಡೆಯುತ್ತಿದೆ ಎಂದು ನೋಡಿ: ಮಾರುವುದನ್ನೋ, ರಾಜ್ಯದೊಳಗೆ ತರುವುದನ್ನೋ, ಇಟ್ಟುಕೊಳ್ಳುವುದನ್ನೋ. ವಾಷಿಂಗ್ಟನ್ ರಾಜ್ಯ 2022ರ ಜುಲೈ 1ರಿಂದ 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್‌ಗಳ ಮಾರಾಟವನ್ನೂ ಒಳತರುವುದನ್ನೂ ನಿಷೇಧಿಸಿತು. ಅದಕ್ಕೂ ಮೊದಲೇ ಅಲ್ಲಿದ್ದವರ ಕೈಯಲ್ಲಿ ಇದ್ದವು ಅವರ ಬಳಿಯೇ ಉಳಿದವು. ಅದೇ ರಾಜ್ಯದ ಸಿಯಾಟಲ್‌ನ ಗೆಳೆಯರು ‘ನನ್ನ ಹತ್ತಿರ 17ರದ್ದೇ ಇದೆ, ಏನೂ ಆಗಿಲ್ಲ’ ಎಂದರೆ ಅವರ ಮಟ್ಟಿಗೆ ಅದು ನಿಜವೇ. ಆಸ್ಟಿನ್‌ನಿಂದ ಈಗ ಹೊರಟಿರುವ ನಿಮಗೆ ಮಾತ್ರ ಅದು ಅನ್ವಯಿಸುವುದಿಲ್ಲ, ಏಕೆಂದರೆ ನೀವು ಹೊರಗಿನಿಂದ ತರುತ್ತಿದ್ದೀರಿ. ಹಳಬರಿಗೆ ಕೊಟ್ಟ ವಿನಾಯಿತಿ ಹೊಸದಾಗಿ ಬರುವವರಿಗೂ ಇದೆ ಎಂದು ನಂಬುವುದು ಇಡೀ ವಿಷಯದಲ್ಲಿ ಅತಿ ದುಬಾರಿಯಾದ ತಪ್ಪು.

ಕೊನೆಗೆ ನ್ಯಾಯಾಲಯದ ಸ್ಥಿತಿ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ನ್ಯೂಯಾರ್ಕ್‌ನ ಮನೆಯ ಹೊರಗೆ ಪಿಸ್ತೂಲು ಒಯ್ಯುವ ಪರವಾನಗಿ ನಿಯಮವನ್ನು ರದ್ದುಮಾಡಿದ ಮೇಲೆ ಇಂಥ ಕಾನೂನುಗಳ ಮೇಲೆ ಎಲ್ಲೆಡೆ ಮೊಕದ್ದಮೆಗಳಿವೆ. ಕೆಳ ನ್ಯಾಯಾಲಯ ‘ಅಸಾಂವಿಧಾನಿಕ’ ಎಂದಿತು ಎಂಬ ತಲೆಬರಹ ಓದಿ ಹೊರಡಬೇಡಿ. ಹೆಚ್ಚಿನ ಸಲ ಮೇಲ್ಮನವಿ ಮುಗಿಯುವವರೆಗೆ ಆ ತೀರ್ಪಿಗೆ ತಡೆಯಿರುತ್ತದೆ, ಕಾನೂನು ಜಾರಿಯಲ್ಲೇ ಇರುತ್ತದೆ. ಫೆಡರಲ್ ನಿಷೇಧ ಬಿದ್ದರೂ ರಾಜ್ಯದ ನಿಷೇಧ ಉಳಿಯಬಹುದು. ಬಂಪ್ ಸ್ಟಾಕ್, ಅಂದರೆ ಅರೆಸ್ವಯಂಚಾಲಿತ ರೈಫಲ್‌ನಿಂದ ಬಲು ವೇಗವಾಗಿ ಗುಂಡು ಹಾರಿಸಲು ನೆರವಾಗುವ ಬಟ್, ಇದಕ್ಕೆ ಉದಾಹರಣೆ: 2024ರ ಜೂನ್ 14ರಂದು ಸುಪ್ರೀಂ ಕೋರ್ಟು ಫೆಡರಲ್ ನಿಷೇಧವನ್ನು ಬದಿಗೊತ್ತಿತು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯ ಸ್ವಂತ ನಿಷೇಧಗಳಿಗೆ ಆ ತೀರ್ಪು ತಾಕಲಿಲ್ಲ.

ಮ್ಯಾಗಜೀನ್: ಒಂದೇ ಪಿಸ್ತೂಲು, ಹಲವು ಉತ್ತರ

ಸಾವಿರಾರು ಮನೆಗಳಲ್ಲಿರುವ ಗ್ಲಾಕ್ 17 ಪಿಸ್ತೂಲನ್ನೇ ತೆಗೆದುಕೊಳ್ಳಿ. ಕಾರ್ಖಾನೆಯಿಂದ ಬರುವ ಮ್ಯಾಗಜೀನ್‌ನಲ್ಲಿ 17 ಗುಂಡು ಹಿಡಿಯುತ್ತದೆ. ಟೆಕ್ಸಾಸ್, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾಗಳಲ್ಲಿ ಪ್ರಶ್ನೆಯೇ ಇಲ್ಲ. ಡೆಲವೇರ್‌ನ ಮಿತಿ 17, ಹಾಗಾಗಿ ಅಂಚಿನಲ್ಲಿ ಪಾರು. ಕೊಲರಾಡೊದಲ್ಲಿ 2013ರ ಜುಲೈ 1ರಿಂದ ಮಿತಿ 15, ಅಲ್ಲಿ ಇದು ಹೆಚ್ಚಾಯಿತು. ಇಲಿನಾಯ್ ಮತ್ತು ವರ್ಮಾಂಟ್‌ಗಳಲ್ಲಿ ಪಿಸ್ತೂಲಿಗೆ 15, ಉದ್ದ ಬಂದೂಕಿಗೆ 10. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್‌ಗಳಲ್ಲಿ 10. ಅದರ ತಮ್ಮ ಗ್ಲಾಕ್ 19ರ ಮ್ಯಾಗಜೀನ್‌ನಲ್ಲಿ 15 ಹಿಡಿಯುವುದರಿಂದ ಇಲಿನಾಯ್ ರಾಜ್ಯದ ಮಿತಿಗೆ ಅದು ಸರಿ, ನ್ಯೂಜೆರ್ಸಿಯ ನ್ಯೂವರ್ಕ್‌ಗೆ ಸರಿಯಲ್ಲ.

ಪಿಸ್ತೂಲನ್ನು ಬದಲಿಸಬೇಕಿಲ್ಲ, ಮ್ಯಾಗಜೀನ್ ಬದಲಿಸಿದರೆ ಸಾಕು. ಹೊರಡುವ ಮುನ್ನವೇ ಅದೇ ತಯಾರಕರ 10 ಗುಂಡಿನ ಎರಡು ಮೂರು ಮ್ಯಾಗಜೀನ್ ಕೊಂಡು, ದೊಡ್ಡವನ್ನು ಹಳೆಯ ರಾಜ್ಯದಲ್ಲೇ ಮಾರಿ ಅಥವಾ ಅಲ್ಲಿನ ಅರ್ಹ ಬಂಧುಗಳಿಗೆ ಕೊಟ್ಟುಬಿಡಿ. ‘17ರದ್ದರಲ್ಲಿ 10 ಗುಂಡು ಮಾತ್ರ ತುಂಬುತ್ತೇನೆ’ ಎಂಬ ಲೆಕ್ಕ ನಡೆಯುವುದಿಲ್ಲ. ಕಾನೂನು ನೋಡುವುದು ಎಷ್ಟು ಹಿಡಿಯಬಲ್ಲದು ಎಂಬುದನ್ನು. ಒಳಗೆ ಮರದ ತುಂಡೋ ಪ್ಲಾಸ್ಟಿಕ್ ತಡೆಯೋ ಇಟ್ಟು, ಬೇಕಾದಾಗ ತೆಗೆಯುವಂತೆ ಮಾಡಿದರೂ ಒಪ್ಪುವುದಿಲ್ಲ. ಬದಲಾವಣೆ ಶಾಶ್ವತವಾಗಿರಬೇಕು ಎನ್ನುತ್ತದೆ ಕ್ಯಾಲಿಫೋರ್ನಿಯಾ. ಮತ್ತೆ, ರೇಂಜ್ ಬ್ಯಾಗಿನ ಪಕ್ಕದ ಜೇಬು, ಕಾರಿನ ಡಿಕ್ಕಿ, ಗ್ಯಾರೇಜಿನ ಡಬ್ಬ, ಇಲ್ಲೆಲ್ಲ ಕೈಹಾಕಿ ನೋಡಿ. ಮರೆತುಹೋದ ಒಂದು ಮ್ಯಾಗಜೀನ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಸಪ್ರೆಸರ್ ಮತ್ತು ಗಿಡ್ಡ ನಳಿಕೆಯ ರೈಫಲ್ ಇದ್ದರೆ

ಸಪ್ರೆಸರ್ ಇಟ್ಟುಕೊಳ್ಳಲು 42 ರಾಜ್ಯಗಳಲ್ಲಿ ಅವಕಾಶವಿದೆ. ಸಾಮಾನ್ಯ ನಾಗರಿಕರಿಗೆ ಅವಕಾಶವಿಲ್ಲದ ಎಂಟು: ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್, ಡೆಲವೇರ್, ಹವಾಯಿ. ಜೊತೆಗೆ ವಾಷಿಂಗ್ಟನ್ ಡಿಸಿ. ನಮ್ಮವರು ಕೆಲಸಕ್ಕೆಂದು ಹೋಗುವ ದೊಡ್ಡ ಊರುಗಳು ಹಲವು ಈ ಪಟ್ಟಿಯಲ್ಲೇ ಇವೆ. ಗಿಡ್ಡ ನಳಿಕೆಯ ರೈಫಲ್‌ಗೂ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಗಳ ಬಾಗಿಲು ಮುಚ್ಚಿದೆ. ವಾಷಿಂಗ್ಟನ್ ರಾಜ್ಯದ್ದು ಬೆರಕೆ: ಸಪ್ರೆಸರ್‌ಗೆ ಅವಕಾಶವಿದೆ, ಗಿಡ್ಡ ನಳಿಕೆಯ ಶಾಟ್‌ಗನ್‌ಗೆ ಇಲ್ಲ.

ಅವಕಾಶವಿರುವ ರಾಜ್ಯಕ್ಕೇ ಹೋಗುತ್ತಿದ್ದರೆ ಕೆಲಸ ಸುಲಭ. ಗಿಡ್ಡ ನಳಿಕೆಯ ರೈಫಲ್ ಅಥವಾ ಶಾಟ್‌ಗನ್ ಆದರೆ ಎಟಿಎಫ್‌ನ ಫಾರಂ 5320.20 ತುಂಬಿ, ಹೊಸ ವಿಳಾಸವನ್ನೂ ಸಾಗಿಸುವ ದಿನಾಂಕಗಳನ್ನೂ ಬರೆದು ಕಳಿಸಿ, ಅನುಮತಿ ಬಂದ ಮೇಲೆಯೇ ಗಡಿ ದಾಟಬೇಕು. ಸಪ್ರೆಸರ್‌ಗೆ ಈ ಫಾರಂ ಕಡ್ಡಾಯವಲ್ಲ. ಆದರೂ ವಿಳಾಸ ಬದಲಾದುದನ್ನು ಎಟಿಎಫ್‌ಗೆ ತಿಳಿಸಿ, ಮಂಜೂರಾದ ಫಾರಂ 4ರ, ಅಂದರೆ ಅದು ನಿಮ್ಮ ಹೆಸರಿಗೆ ನೋಂದಣಿಯಾದ ಪತ್ರದ, ಪ್ರತಿಯನ್ನು ವಸ್ತುವಿನ ಜೊತೆಗೇ ಇಡಿ.

ನಿಷೇಧವಿರುವ ರಾಜ್ಯಕ್ಕೆ ಹೋಗುವುದಾದರೆ ಮೂರು ದಾರಿ. ಹಳೆಯ ರಾಜ್ಯದಲ್ಲೇ ಎನ್‌ಎಫ್‌ಎ ವ್ಯವಹಾರದ ಪರವಾನಗಿಯಿರುವ ಅಂಗಡಿಗೆ ಮಾರಬಹುದು. ಅವಕಾಶವಿರುವ ರಾಜ್ಯದಲ್ಲಿ, ಕೀಲಿ ನಿಮ್ಮೊಬ್ಬರ ಬಳಿ ಮಾತ್ರ ಇರುವಂಥ ಲಾಕರ್‌ನಲ್ಲಿ ಇಡಬಹುದು. ವಸ್ತು ಟ್ರಸ್ಟ್ ಹೆಸರಿನಲ್ಲಿದ್ದರೆ ಹಳೆಯ ರಾಜ್ಯದಲ್ಲೇ ಉಳಿಯುವ ಸಹ-ಟ್ರಸ್ಟಿಯ ಬಳಿ ಇರಲು ಬಿಡಬಹುದು. ಮೂರಕ್ಕೂ ಸಮಯ ಬೇಕು, ಅದಕ್ಕೇ ಎರಡು ತಿಂಗಳ ಮಾತು ಹೇಳಿದ್ದು.

ಮಾಡಬಾರದ್ದು ಒಂದಿದೆ: ‘ಒಂದು ವಾರ ನಿಮ್ಮನೇಲಿ ಇಟ್ಕೊಳ್ಳಿ’ ಎಂದು ಪಕ್ಕದ ಮನೆಯ ಗೆಳೆಯರ ಕೈಗೆ ಕೊಡುವುದು. ಸಾಮಾನ್ಯ ರೈಫಲ್ ವಿಷಯದಲ್ಲಿ ಹಲವು ರಾಜ್ಯಗಳು ಇದನ್ನು ಸಹಿಸುತ್ತವೆ. ಎನ್‌ಎಫ್‌ಎ ವಸ್ತುವಿನಲ್ಲಿ ಮಂಜೂರಾದ ಫಾರಂ ಇಲ್ಲದೆ ಕೈ ಬದಲಾದರೆ ಕೊಟ್ಟವರೂ ಪಡೆದವರೂ ಇಬ್ಬರೂ ಆರೋಪಿಗಳು, ಗರಿಷ್ಠ 10 ವರ್ಷ.

ಹೊಸ ಊರು ತಲುಪಿದ ಮೇಲೆ

ಕ್ಯಾಲಿಫೋರ್ನಿಯಾದಲ್ಲಿ ನಿವಾಸಿಯಾದ 60 ದಿನಗಳೊಳಗೆ ತಂದ ಪ್ರತಿ ಬಂದೂಕನ್ನೂ ರಾಜ್ಯದ ನ್ಯಾಯ ಇಲಾಖೆಗೆ ವರದಿ ಮಾಡಬೇಕು. ‘ಹೊಸ ನಿವಾಸಿಯ ವರದಿ’ ಎಂಬ ಫಾರಂ ಇದೆ, ಶುಲ್ಕ 19 ಡಾಲರ್. ಅಲ್ಲಿನ ಅಂಗಡಿಗಳಲ್ಲಿ ಮಾರಲು ಅನುಮತಿ ಪಡೆದ ಪಿಸ್ತೂಲುಗಳ ಪಟ್ಟಿಯಲ್ಲಿ ನಿಮ್ಮದು ಇಲ್ಲದಿದ್ದರೂ ಹೊಸ ನಿವಾಸಿಯಾಗಿ ಅದನ್ನು ತರಬಹುದು, ಆ ಪಟ್ಟಿ ಅಂಗಡಿಯ ಮಾರಾಟಕ್ಕೆ ಸಂಬಂಧಿಸಿದ್ದು. ಆದರೆ ತೆಗೆಯಬಲ್ಲ ಮ್ಯಾಗಜೀನ್ ಜೊತೆಗೆ ಪಿಸ್ತೂಲ್ ಹಿಡಿ, ಮಡಚುವ ಅಥವಾ ಎಳೆಯುವ ಬಟ್, ಗುಂಡು ಹಾರುವಾಗಿನ ಬೆಂಕಿಯ ಹೊಳಪನ್ನು ಮರೆಮಾಡುವ ತುದಿ, ಮುಂಬದಿ ಹಿಡಿ ಇವುಗಳಲ್ಲಿ ಒಂದಿದ್ದರೂ ಅರೆಸ್ವಯಂಚಾಲಿತ ಸೆಂಟರ್‌ಫೈರ್ ರೈಫಲ್ ‘ಅಸಾಲ್ಟ್ ವೆಪನ್’ ಆಗುತ್ತದೆ. ಅದನ್ನು ತಂದು ಆಮೇಲೆ ಸರಿಮಾಡಿಸುತ್ತೇನೆ ಎನ್ನಬೇಡಿ, ಗಡಿ ದಾಟುವ ಮುನ್ನವೇ ಬದಲಿಸಿ ಅಥವಾ ಬಿಟ್ಟುಬನ್ನಿ.

ನ್ಯೂಯಾರ್ಕ್‌ನಲ್ಲಿ ಪಿಸ್ತೂಲಿಗೆ ಇಂಥ ಕಾಲಾವಕಾಶವೇ ಇಲ್ಲ. ಲೈಸೆನ್ಸ್ ಇಲ್ಲದೆ ಮನೆಯೊಳಗೆ ಇಟ್ಟುಕೊಳ್ಳುವುದೂ ಅಪರಾಧ, 1911ರಿಂದ ಇದೇ ನಿಯಮ. ಲೈಸೆನ್ಸ್ ಬರಲು ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ಪಿಸ್ತೂಲನ್ನು ಹಳೆಯ ರಾಜ್ಯದ ಅಂಗಡಿಯಿಂದ ನ್ಯೂಯಾರ್ಕ್‌ನ ಪರವಾನಗಿ ಹೊಂದಿದ ಅಂಗಡಿಗೆ ಕಳಿಸಿ, ಲೈಸೆನ್ಸ್ ಕೈಗೆ ಬಂದ ಮೇಲೆ ಬಿಡಿಸಿಕೊಳ್ಳಿ. ನ್ಯೂಯಾರ್ಕ್ ನಗರಕ್ಕೆ ಬೇರೆಯದೇ ಲೈಸೆನ್ಸ್ ವ್ಯವಸ್ಥೆಯಿದೆ ಎಂಬುದು ನೆನಪಿರಲಿ.

ಇಲಿನಾಯ್‌ನಲ್ಲಿ ಎಫ್‌ಒಐಡಿ ಕಾರ್ಡ್‌ಗೆ, ಅಂದರೆ ಬಂದೂಕು ಮಾಲೀಕರ ಗುರುತಿನ ಚೀಟಿಗೆ, 60 ದಿನಗಳೊಳಗೆ ಅರ್ಜಿ ಹಾಕಬೇಕು. ಶುಲ್ಕ 10 ಡಾಲರ್, ಕಾರ್ಡ್ 10 ವರ್ಷ ಬಾಳುತ್ತದೆ. ಶಿಕಾಗೊ ನಗರ ಮತ್ತು ಕುಕ್ ಕೌಂಟಿಯ ಸ್ವಂತ ನಿಷೇಧಗಳನ್ನು ಪ್ರತ್ಯೇಕವಾಗಿ ನೋಡಿ.

ನ್ಯೂಜೆರ್ಸಿಯಲ್ಲಿ ತುದಿ ಟೊಳ್ಳಾದ ಗುಂಡು, ಅಂದರೆ ಹಾಲೋ ಪಾಯಿಂಟ್, ಮನೆಯಲ್ಲಿ ಇರಬಹುದು, ರೇಂಜ್‌ಗೆ ನಿಯಮದಂತೆ ಒಯ್ಯಬಹುದು. ಕಾರಿನಲ್ಲಿ ಸುಮ್ಮನೆ ಇಟ್ಟುಕೊಂಡು ಓಡಾಡುವಂತಿಲ್ಲ. ಬೇರೆ ರಾಜ್ಯದ ಒಯ್ಯುವ ಪರವಾನಗಿಗೆ ಅಲ್ಲಿ ಬೆಲೆಯಿಲ್ಲ. 2013ರಲ್ಲಿ ಪೆನ್ಸಿಲ್ವೇನಿಯಾದ ಪರವಾನಗಿ ಹೊಂದಿದ್ದ ಒಬ್ಬ ಮಹಿಳೆಯನ್ನು ನ್ಯೂಜೆರ್ಸಿಯಲ್ಲಿ ಪೊಲೀಸರು ವಾಹನ ತಪಾಸಣೆಗೆ ನಿಲ್ಲಿಸಿದಾಗ, ತನ್ನ ಬಳಿ ಪಿಸ್ತೂಲಿದೆ ಎಂದು ಆಕೆ ತಾನಾಗಿಯೇ ಹೇಳಿದಳು. ಅಲ್ಲೇ ಬಂಧನವಾಯಿತು. ಪರವಾನಗಿಯಿಲ್ಲದೆ ಪಿಸ್ತೂಲು ಒಯ್ದರೆ ಅಲ್ಲಿ ಪೆರೋಲ್ ಇಲ್ಲದ ಕನಿಷ್ಠ 42 ತಿಂಗಳ ಸೆರೆ ಇದೆ. ದೀರ್ಘ ಹೋರಾಟದ ನಂತರ 2015ರಲ್ಲಿ ಗವರ್ನರ್ ಕ್ಷಮಾದಾನ ಕೊಟ್ಟರು. ಎಲ್ಲರಿಗೂ ಗವರ್ನರ್ ಸಿಗುವುದಿಲ್ಲ.

ದಾರಿಯಲ್ಲಿ: ಕಾರು ಮತ್ತು ವಿಮಾನ

ಮಧ್ಯದ ರಾಜ್ಯಗಳನ್ನು ಹಾದುಹೋಗುವವರಿಗೆ 1986ರ ಫೆಡರಲ್ ಕಾನೂನು ಒಂದು ರಕ್ಷಣೆ ಕೊಟ್ಟಿದೆ. ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಆ ಬಂದೂಕು ನಿಮಗೆ ಕಾನೂನುಬದ್ಧವಾಗಿರಬೇಕು, ಗುಂಡು ತುಂಬಿರಬಾರದು, ಬಂದೂಕಾಗಲಿ ಗುಂಡಾಗಲಿ ಕೂತಲ್ಲಿಂದ ಕೈಗೆ ಸಿಗಬಾರದು. ಡಿಕ್ಕಿ ಪ್ರತ್ಯೇಕವಿಲ್ಲದ ಎಸ್‌ಯುವಿಯಲ್ಲಿ ಬೀಗ ಹಾಕಿದ ಪೆಟ್ಟಿಗೆ ಬೇಕು. ಗ್ಲೋವ್ ಬಾಕ್ಸ್ ಮತ್ತು ಸೀಟುಗಳ ನಡುವಿನ ಕನ್ಸೋಲ್ ಬೀಗವಿದ್ದರೂ ಲೆಕ್ಕಕ್ಕಿಲ್ಲ. ಆ ಕಾನೂನು ಹೇಳುವುದು ಬಂದೂಕು ಮತ್ತು ಮದ್ದುಗುಂಡಿನ ಬಗ್ಗೆ, ಬಿಡಿ ಮ್ಯಾಗಜೀನ್ ಹೆಸರು ಅದರಲ್ಲಿಲ್ಲ. ಹಾಗಾಗಿ ದೊಡ್ಡ ಮ್ಯಾಗಜೀನ್‌ಗೆ ಇದನ್ನು ನಂಬಿಕೊಂಡು ನ್ಯೂಯಾರ್ಕ್ ದಾಟಬೇಡಿ. ಕಟ್ಟುನಿಟ್ಟಾದ ರಾಜ್ಯಗಳಲ್ಲಿ ರಾತ್ರಿ ತಂಗಬೇಡಿ, ಪೆಟ್ರೋಲಿಗೂ ಊಟಕ್ಕೂ ನಿಂತು ಮುಂದೆ ಸಾಗಿ.

ವಿಮಾನದಲ್ಲಾದರೆ ಗಟ್ಟಿ ಕವಚದ, ಬೀಗ ಹಾಕಿದ ಪೆಟ್ಟಿಗೆ, ಖಾಲಿ ಬಂದೂಕು, ಕೌಂಟರ್‌ನಲ್ಲಿ ಘೋಷಣೆ, ಚೆಕ್-ಇನ್ ಸಾಮಾನು ಮಾತ್ರ. ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಸಿಕ್ಕಿಬಿದ್ದಿದ್ದಾರೆ. 2005ರಲ್ಲಿ ಯೂಟಾದಿಂದ ಪೆನ್ಸಿಲ್ವೇನಿಯಾಕ್ಕೆ ಹೊರಟ ಪ್ರಯಾಣಿಕರೊಬ್ಬರಿಗೆ ನ್ಯೂವರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ಸಾಮಾನನ್ನು ಪಡೆದು ರಾತ್ರಿ ಹೋಟೆಲ್‌ನಲ್ಲಿ ಕಳೆದು, ಬೆಳಿಗ್ಗೆ ಮತ್ತೆ ಕೌಂಟರ್‌ನಲ್ಲಿ ಪಿಸ್ತೂಲನ್ನು ಘೋಷಿಸಿದಾಗ ಬಂಧನವಾಯಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ, ಹೋಟೆಲ್‌ನಲ್ಲಿ ಪೆಟ್ಟಿಗೆ ಅವರ ಕೈಗೆಟುಕುವಂತಿತ್ತು, ಆದ್ದರಿಂದ ಫೆಡರಲ್ ರಕ್ಷಣೆ ಅಲ್ಲಿಗೆ ಮುಗಿದಿತ್ತು ಎಂದಿತು. ನ್ಯೂವರ್ಕ್‌ನಲ್ಲಿ ಅಥವಾ ನ್ಯೂಯಾರ್ಕ್ ನಗರದ ಜೆಎಫ್‌ಕೆ, ಲಾಗಾರ್ಡಿಯಾ ವಿಮಾನ ನಿಲ್ದಾಣಗಳಲ್ಲಿ ರಾತ್ರಿ ಸಿಲುಕಿಕೊಂಡರೆ ಆ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಳ್ಳಲೇಬೇಡಿ. ವಿಮಾನ ಸಂಸ್ಥೆಯೇ ಇಟ್ಟುಕೊಂಡು ಮುಂದಿನ ವಿಮಾನಕ್ಕೆ ಹಾಕುವಂತೆ ಬರಹದಲ್ಲಿ ಕೇಳಿ. ಟಿಕೆಟ್ ಕೊಳ್ಳುವಾಗಲೇ ಈ ಮೂರನ್ನು ತಪ್ಪಿಸಿದರೆ ಇನ್ನೂ ಒಳ್ಳೆಯದು.

ಬೆಂಗಳೂರಿಗೆ ಹೊರಡುವಾಗ

ರೇಂಜ್‌ಗೆ ಒಯ್ಯುವ ಬೆನ್ನುಚೀಲವನ್ನೇ ಊರಿಗೆ ಹೊರಡುವಾಗ ಬಳಸಬೇಡಿ. ಹೊಲಿಗೆಯ ಸಂದಿಯಲ್ಲಿ, ಒಳಜೇಬಿನ ಅಡಿಯಲ್ಲಿ ಉಳಿದ ಒಂದೇ ಒಂದು ಜೀವಂತ ಗುಂಡು ಭಾರತದ ವಿಮಾನ ನಿಲ್ದಾಣದಲ್ಲಿ ಎಕ್ಸ್-ರೇಗೆ ಕಂಡರೆ, ಶಸ್ತ್ರಾಸ್ತ್ರ ಕಾಯ್ದೆಯಡಿ ಪೊಲೀಸ್ ದೂರು ದಾಖಲಾಗಬಹುದು. ಗೊತ್ತಿಲ್ಲದೆ ಬಂದದ್ದೆಂದು ತೋರಿಸಿದರೆ ನ್ಯಾಯಾಲಯಗಳು ಇಂಥ ಪ್ರಕರಣ ರದ್ದುಮಾಡಿರುವುದುಂಟು. ಆದರೆ ಅಷ್ಟರಲ್ಲಿ ವಿಮಾನ, ರಜೆ, ಕೆಲವೊಮ್ಮೆ ಪಾಸ್‌ಪೋರ್ಟ್ ಕೂಡ ಸಿಲುಕಿಕೊಂಡಿರುತ್ತವೆ. ಬೇರೆ ಚೀಲವಿಲ್ಲದಿದ್ದರೆ ಇದನ್ನೇ ಪೂರ್ತಿ ಖಾಲಿಮಾಡಿ, ಪ್ರತಿ ಜೇಬನ್ನೂ ಒಳಹೊರಗಾಗಿ ತಿರುವಿ, ಬಿಳಿ ಹಾಸಿನ ಮೇಲೆ ಕೊಡವಿ ನೋಡಿ, ಆಮೇಲೆ ಬಟ್ಟೆ ತುಂಬಿ.